ನೂರ ಐವತ್ತೈದು

ಅಗಲದ್ದೇ ಬೇಕು ಅಂದೆ ನಾನು.
ಬೀದಿಯಲ್ಲಿ ನಿಂತರೆ ಚೂರು ಕೊಬ್ಬಿದ ಹಾಗೆ ಕಾಣಬೇಕು,
ಹಿಂದಿನ ಗಾಲಿ ಮಡ್‌ಗಾರ್ಡಿನ ತುಂಬ ತುಂಬಿಕೊಂಡು
ಈಗ ನೆಗೆದೇನು ಅನ್ನುವ ಹಾಗೆ.

ಎಡ್ಮಂಡ್ ತ್ವೇಟ್ ತಕ್ಷಣ ಏನೂ ಅನ್ನಲಿಲ್ಲ.
ಸ್ಟೂಲಿನ ಮೇಲೆ ಆರಿಹೋಗಿದ್ದ ಚಹಾವನ್ನೇ ಕುಡಿದ.
ಹೊರಗೆ, ಕರ್ಬಿ ಸ್ಟೀಫನ್ನಿನ ಆ ಇಕ್ಕಟ್ಟು ಓಣಿಯಲ್ಲಿ
ಕುರಿ ತುಂಬಿದ ಲಾರಿಯೊಂದು ಹಿಂದೆ ಸರಿಯಲಾರದೆ
ಅರ್ಧ ಊರಿಗೆ ಕೇಳುವ ಹಾಗೆ ಗೋಳಿಡುತ್ತಿತ್ತು.
ಆಮೇಲೆ ಬಗ್ಗಿ, ಗಾಲಿಗೂ ತಗಡಿಗೂ ನಡುವೆ ಬೆರಳು ತೂರಿಸಿದ.
ಬಲಗಡೆ ಮೂರು. ಎಡಗಡೆ ಎರಡೇ.
"ಇವಳ ಅಚ್ಚು ಹುಟ್ಟಿನಿಂದಲೇ ಒಂಚೂರು ಎಡಕ್ಕೆ.
ಅಗಲದ್ದು ಹಾಕು, ಮೊದಲನೇ ಗುಂಡಿಯಲ್ಲೇ ಕೆರೆಯುತ್ತದೆ,
ಯಾವುದೋ ನಾಯಿ ಅಡಿಗೆ ಬಿತ್ತೆಂದು ನೀನು ಇಳಿದು ಹುಡುಕುತ್ತೀ."

ಹಾಗಾದರೆ ಇವೇ ಇರಲಿ ಬಿಡು, ಅಂದೆ.
ನೋಡು, ಅಚ್ಚು ಒಂದಿಷ್ಟೂ ಸವೆದಿಲ್ಲ, ಹೊಚ್ಚ ಹೊಸದು.

ಹೆಬ್ಬೆರಳಿಗೆ ಉಗುಳು ಹಚ್ಚಿ ಅವನು ಟೈರಿನ ಪಕ್ಕೆಯನ್ನು ಉಜ್ಜಿದ.
ಮಣ್ಣಿನಡಿಯಿಂದ ನಾಲ್ಕು ಅಂಕಿ ಎದ್ದವು: ೨೩೦೪.
"ಇಪ್ಪತ್ತಮೂರನೇ ವಾರ. ಎರಡು ಸಾವಿರದ ನಾಲ್ಕು."

ಆ ಜೂನ್ ನನಗೆ ಗೊತ್ತು.
ನನಗೆ ಹನ್ನೆರಡು. ಫಿಲಿಪಾ ಅತ್ತೆ, ತಲೆಗೆ ಹಸಿರು ಸ್ಕಾರ್ಫು,
ಹೊಸ ಟೈರು ಪಳಗಿಸಬೇಕೆಂದು ಟ್ಯಾನ್ ಹಿಲ್ ಹತ್ತಿಸಿದ್ದಳು.
ಹೊರಡುವ ಮುಂಚೆ ರಬ್ಬರಿನ ಮೈಮೇಲಿನ ಎಳೆಕೂದಲೊಂದನ್ನು ಕಿತ್ತು
ದಾರಿಯುದ್ದಕ್ಕೂ ಹಲ್ಲಲ್ಲಿ ಕಚ್ಚಿಕೊಂಡಿದ್ದೆ.
ಮರುವರ್ಷ ಅವಳ ಕಣ್ಣಿಗೆ ಮಂಜು ಬಂತು, ಲೈಸೆನ್ಸ್ ಹೋಯಿತು.
ಆದರೂ ಭಾನುವಾರಕ್ಕೊಮ್ಮೆ ಸ್ಕಾರ್ಫು ಕಟ್ಟಿ ಕೂತು
ಇಂಜಿನ್ನು ಹಚ್ಚಿ, ಹತ್ತು ನಿಮಿಷ ಕೇಳಿಸಿಕೊಂಡು, ಆರಿಸುತ್ತಿದ್ದಳು.
ಗಾಲಿ ಮಾತ್ರ ನಿಂತಲ್ಲೇ.

"ಸವೆಯದ್ದೆಲ್ಲ ಹೊಸದಲ್ಲ," ಅಂದ ಎಡ್ಮಂಡ್,
ಗೀರನ್ನು ಎರಡೂ ಕೈಯಿಂದ ಅಗಲಿಸಿ.
ಒಳಗೆ ಸಣ್ಣ ಸಣ್ಣ ಬಿರುಕು, ಅತ್ತೆಯ ಮೊಣಕೈಯ ಚರ್ಮದ ಹಾಗೆ.

ಡಿಕ್ಕಿಯಲ್ಲಿ ಇನ್ನೂ ಒಂದಿತ್ತು, ಸ್ಟೆಪ್ನಿ,
ಕಾರಿನ ಜತೆಯಲ್ಲೇ ಬಂದದ್ದು, ಒಮ್ಮೆಯೂ ನೆಲ ಮುಟ್ಟದ್ದು.
ವಾಲ್ವಿನ ಮೂತಿ ಒತ್ತಿದೆ, ಅರವತ್ತೈದನೇ ಇಸವಿಯ ಗಾಳಿ
ಒಂದು ಗುಟುಕಾದರೂ ಬಂದೀತೆಂದು.
ಏನೂ ಬರಲಿಲ್ಲ. ಎಡ್ಮಂಡ್ ಆ ಕಡೆ ತಿರುಗಿ
ಬೇಕಿಲ್ಲದ ಸ್ಪ್ಯಾನರೊಂದನ್ನು ಹುಡುಕಿದ.

ನೂರ ಐವತ್ತೈದು. ಹದಿನಾಲ್ಕರ ರಿಮ್ಮು. ಎತ್ತರದ ಪಕ್ಕೆ.
ಬೆಲೆ ಕೇಳಿ ನಾನು ಕೂತುಬಿಟ್ಟೆ.
"ಅಗಲದ್ದು ಕೊನೆಯವರೆಗೂ ಬಿಗಿಯಾಗಿ ಹಿಡಿದುಕೊಂಡು
ಸದ್ದಿಲ್ಲದೆ ಕೈ ಬಿಡುತ್ತದೆ.
ಇದು ಜಾರುತ್ತದೆ, ಆದರೆ ಹೇಳಿ ಜಾರುತ್ತದೆ."
ಕಡ್ಡಿಗಳ ತಲೆ ಚುಚ್ಚದ ಹಾಗೆ ರಿಮ್ಮಿಗೆ ಪಟ್ಟಿ ಸುತ್ತಿದ,
ಟ್ಯೂಬಿಗೆ ಪೌಡರು ಬಳಿದ. ಗ್ರೀಸಿನ ಶೆಡ್ಡಿಗೆಲ್ಲ
ಆಗತಾನೇ ಸ್ನಾನವಾದ ಕೂಸಿನ ವಾಸನೆ.

ಸಂಜೆ ತುಂತುರಿನಲ್ಲಿ ಟ್ಯಾನ್ ಹಿಲ್ ಹತ್ತಿದೆ.
ಸ್ಟೀರಿಂಗು ಎಷ್ಟು ಹಗುರವೆಂದರೆ
ಎರಡು ಸಲ ಕೆಳಗೆ ನೋಡಿಕೊಂಡೆ, ಹಿಡಿದಿದ್ದೇನೆಯೇ ಎಂದು.
ಕುರಿಯೊಂದು ದಾರಿ ಬಿಡದ ತಿರುವಿನಲ್ಲಿ
ಹಿಂಭಾಗ ಒಂದು ಗೇಣು ಹೊರಗೆ ಹೋಯಿತು.
ಹೋಗುವ ಮುಂಚೆ ಸಣ್ಣಗೆ ಕುಂಯ್‌ಗುಟ್ಟಿತು.
ಕೇಳಿಸಿತು, ಅಂದೆ, ಗಟ್ಟಿಯಾಗಿಯೇ.

ಮನೆ ಮುಂದೆ ಟಾರ್ಚು ಹಿಡಿದು ಬಗ್ಗಿ ನೋಡಿದೆ.
ನಡುವಿನ ಎಳೆಕೂದಲೆಲ್ಲ ರಸ್ತೆ ತಿಂದಿತ್ತು.
ಅಂಚಿನವು ಇನ್ನೂ ನೆಟ್ಟಗೆ ನಿಂತಿದ್ದವು, ಒದ್ದೆಯಾಗಿ:
ಅಷ್ಟು ವಾಲಿ ನಾನಿನ್ನೂ ಯಾವ ತಿರುವನ್ನೂ ತೆಗೆದುಕೊಂಡಿಲ್ಲ.